ನಮ್ಮ ಮನೆಗೆ ಒಂದು ಸೀಟು

ಒಂದು ಕೆಲಸ ಆಗುತ್ತದೋ ಇಲ್ಲವೋ ಎಂದು ಮೊದಲೇ ಹೇಳಬಲ್ಲವನು ಇಡೀ ಹೊಸ ತಿಪ್ಪಸಂದ್ರದಲ್ಲಿ ನಾನೊಬ್ಬನೇ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಯಾವ ಅಭ್ಯರ್ಥಿ ಗೆಲ್ಲುತ್ತಾನೆ, ಯಾರ ಮನೆಯ ಸಂಬಂಧ ಕೂಡಿಬರುತ್ತದೆ, ಮಾರ್ಕೆಟ್ ರಸ್ತೆಯ ಯಾವ ಹೊಸ ಅಂಗಡಿ ದೀಪಾವಳಿಯವರೆಗೆ ಬಾಳುತ್ತದೆ, ಎಲ್ಲದಕ್ಕೂ ನನ್ನ ಹತ್ತಿರ ಒಂದು ಅಂದಾಜು ಸಿದ್ಧವಾಗಿರುತ್ತಿತ್ತು. ಕೆಲವು ಸರಿಯಾದವು. ತಪ್ಪಾದವುಗಳನ್ನು ನಾನು ನೆನಪಿಟ್ಟುಕೊಂಡಿಲ್ಲ.

ಇದಕ್ಕೆಲ್ಲ ಪುರುಸೊತ್ತು ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ನಮ್ಮ ಮೂಲ ಮಹದೇವಪುರ. ಅಪ್ಪ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಟೆಕ್ ಪಾರ್ಕೊಂದರ ಕಾರುಗಳು ನಿಲ್ಲುತ್ತವೆ. ಅದರ ಫಲವಾಗಿ ತಿಪ್ಪಸಂದ್ರದಲ್ಲಿ ಒಂದು ಕಟ್ಟಡ ಎದ್ದಿದೆ. ಮೇಲೆ ಬಾಡಿಗೆಯವರು, ಕೆಳಗೆ ನಾವು. ಬೆಳಗ್ಗೆ ಮೋಟಾರು ಹಾಕಿ ಟ್ಯಾಂಕು ತುಂಬಿಸಿದರೆ ನನ್ನ ಆ ದಿನದ ಉದ್ಯೋಗ ಮುಗಿಯಿತು. ಆಮೇಲೆ ಸಂಜೆಯವರೆಗೆ ಅಂದಾಜು ಮಾಡುವುದೊಂದೇ ಕೆಲಸ.

ಇಂಥ ತಂದೆಯ ಒಬ್ಬಳೇ ಮಗಳು ಸಹನಾ ಡಿಗ್ರಿ ಮುಗಿಸಿದವಳೇ, ವೈಟ್‌ಫೀಲ್ಡ್ ಆಚೆ ಇರುವ ಒಂದು ಹೆಸರಾಂತ ವಿಶ್ವವಿದ್ಯಾಲಯದಲ್ಲಿ ‘ನಗರ ಅಧ್ಯಯನ’ ಎಂಬ ಎಂ.ಎ. ಓದುತ್ತೇನೆ ಎಂದಳು. ಅಲ್ಲಿ ಸೀಟುಗಳು ಒಂದು ಮಿನಿಬಸ್ಸು ತುಂಬುವಷ್ಟು. ಅರ್ಜಿ ಹಾಕುವವರು ದೇಶದ ಮೂಲೆಮೂಲೆಯಿಂದ. ಓದಿದರೆ ಅಲ್ಲೇ, ಇಲ್ಲದಿದ್ದರೆ ಇಲ್ಲ ಎಂದು ಪಟ್ಟು ಹಿಡಿದವಳು ಬೇರೆ ಎಲ್ಲಿಗೂ ಅರ್ಜಿಯನ್ನೇ ಹಾಕಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ತಟ್ಟೆ ಮುಂದಿಟ್ಟುಕೊಂಡು, “ಸಿಗುತ್ತಾ ಅಪ್ಪ?” ಎಂದಳು. ಅನ್ನ ಕಲಸಿದ್ದಳು, ತುತ್ತು ಎತ್ತಿರಲಿಲ್ಲ.

“ಓದೋದು ನಿನ್ ಕೆಲ್ಸ. ಸಿಗುತ್ತೋ ಇಲ್ವೋ ಅಂತ ಹೇಳೋದು ನನ್ ಕೆಲ್ಸ,” ಎಂದೆ.

ನನ್ನ ಹೆಂಡತಿ ವರಲಕ್ಷ್ಮಿ ಸಾರಿನ ಸೌಟು ಹಿಡಿದುಕೊಂಡೇ, “ನೀವು ಸುಮ್ನಿದ್ರೆ ಅವ್ಳಿಗೆ ಖಂಡಿತ ಸಿಗುತ್ತೆ ಕಣ್ರೀ,” ಎಂದಳು. ಈಗ ಯೋಚಿಸಿದರೆ, ಇಡೀ ಪ್ರಕರಣದಲ್ಲಿ ಸರಿಯಾದ ಅಂದಾಜು ಅದೊಂದೇ!

ಕೆಲಸವನ್ನು ನಾನು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ಪ್ರವೇಶದ ವ್ಯವಹಾರಕ್ಕೆಂದೇ ಹೊಸ ಸಿಮ್ ಕೊಂಡು, ಮನೆಯಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಹಾಕಿದೆ. ಅದಕ್ಕೇ ಒಂದು ಹೊಸ ಇಮೇಲ್ ತೆರೆದೆ. ಸಹನಾಳ ಅರ್ಜಿಯನ್ನು ನಾನೇ ತುಂಬಿದೆ. ಅವಳು ಓದುವ ಹುಡುಗಿ, ಅವಳಿಗೆ ತೊಂದರೆ ಯಾಕೆ ಎಂದು ಅವಳ ಹೆಸರಿನ ಮುಂದೆ ಈ ಹೊಸ ನಂಬರು, ಈ ಹೊಸ ಇಮೇಲನ್ನೇ ಹಾಕಿದೆ. ಈ ವಿಷಯವನ್ನು ದಯವಿಟ್ಟು ನೀವು ನೆನಪಿಟ್ಟುಕೊಳ್ಳಬೇಕು. ನಾನು ಮರೆತೆ.

ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿದಾಗ, ಸೀಟು ಸಿಗುವ ಸಾಧ್ಯತೆಯನ್ನು ಲೆಕ್ಕ ಹಾಕಿ ಹೇಳುವ ಒಂದು ತಾಣ ಸಿಕ್ಕಿತು. ಅಂಕ, ಹವ್ಯಾಸ, ಬಹುಮಾನಗಳನ್ನೆಲ್ಲ ತುಂಬಿದರೆ ಕೆಂಪು, ಹಳದಿ, ಹಸಿರು ಬಳಿದ ಒಂದು ಗಡಿಯಾರದ ಮುಳ್ಳು ಸರ್ರನೆ ತಿರುಗಿ ನಿಲ್ಲುತ್ತದೆ. ಸಹನಾಳ ನಿಜವಾದ ವಿವರ ಕೊಟ್ಟೆ. ಮುಳ್ಳು ಕೆಂಪಿನಲ್ಲಿ ನಿಂತಿತು. ಅವಳು ಎಂಟನೇ ಕ್ಲಾಸಿನಲ್ಲಿ ಒಮ್ಮೆ ಕಬಡ್ಡಿ ಆಡಿ ಮಂಡಿ ತರಚಿಕೊಂಡದ್ದು ನೆನಪಾಗಿ ‘ಕಬಡ್ಡಿ’ ಎಂದು ಸೇರಿಸಿದೆ. ಮುಳ್ಳು ಸ್ವಲ್ಪ ಅಲುಗಿತು. ‘ರಾಜ್ಯ ಮಟ್ಟ’ ಎಂದು ತಿದ್ದಿದೆ. ಹಳದಿಗೆ ಬಂತು. ಸಂಗೀತ, ಸಮಾಜಸೇವೆ, ಫ್ರೆಂಚ್ ಭಾಷೆ ಎಲ್ಲ ಸೇರಿಸಿದ ಮೇಲೆ ಮುಳ್ಳು ಹಚ್ಚಹಸಿರಿನಲ್ಲಿ ಹೋಗಿ ನಿಂತಿತು. ನೆಮ್ಮದಿಯಿಂದ ಕಾಫಿ ಕುಡಿದೆ. ಅಷ್ಟು ಹೊತ್ತಿಗೆ ಸೀಟು ಸಿಗುವುದು ಖಚಿತವಾಗಿತ್ತು, ಆದರೆ ಆ ಹುಡುಗಿ ನನ್ನ ಮಗಳಾಗಿರಲಿಲ್ಲ!

ಅಷ್ಟಾದರೆ ಪರವಾಗಿರಲಿಲ್ಲ. ಆ ತಾಣದವರು ನನ್ನ ಹೊಸ ನಂಬರನ್ನು ಭಾರತದ ಸಮಸ್ತ ಕೋಚಿಂಗ್ ಸೆಂಟರುಗಳಿಗೂ ಹಂಚಿಬಿಟ್ಟಿದ್ದರು. ಮರುದಿನದಿಂದ ಶುರುವಾಯಿತು. “ಸಹನಾ ಮೇಡಂ ಇದ್ದಾರಾ?” ಎಂದು ಒಬ್ಬರು. “ಕಬಡ್ಡಿ ಕೋಟಾದಲ್ಲಿ ಟ್ರೈ ಮಾಡ್ತೀರಾ?” ಎಂದು ಇನ್ನೊಬ್ಬರು. ಒಬ್ಬಾಕೆ ಫ್ರೆಂಚಿನಲ್ಲೇ ಮಾತು ಆರಂಭಿಸಿದಳು. ನಾನು ಗಾಬರಿಯಾಗಿ “ರಾಂಗ್ ನಂಬರ್” ಎಂದು ಇಟ್ಟುಬಿಟ್ಟೆ.

ಯಂತ್ರವನ್ನು ನಂಬಿ ಪ್ರಯೋಜನವಿಲ್ಲ ಎಂದು ಅರಿವಾಯಿತು. ಪರೀಕ್ಷೆ ಎಷ್ಟು ಕಷ್ಟ, ಬರೆಯುವವರು ಎಂಥವರು, ನಮ್ಮ ಹುಡುಗಿ ಅವರ ಮುಂದೆ ನಿಲ್ಲುತ್ತಾಳಾ ಎಂಬುದನ್ನು ಹೊರಗೆ ನಿಂತು ತಿಳಿಯುವುದು ಹೇಗೆ? ಒಳಗೇ ಹೋಗಬೇಕು. ವಿಚಾರಿಸಿದೆ. ವಯಸ್ಸಿನ ಮಿತಿ ಇರಲಿಲ್ಲ. ಯಾವುದೋ ಕಾಲದಲ್ಲಿ ನಾನು ಬಿ.ಎ. ಮಾಡಿದ್ದ ಸರ್ಟಿಫಿಕೇಟು ಅಲಮಾರಿಯಲ್ಲಿ ಹಾಗೇ ಇತ್ತು. ಸಹನಾಳ ಅರ್ಜಿ ಕಳಿಸಿದ ಬೆನ್ನಿಗೇ, ಅದೇ ನಂಬರು ಹಾಕಿ, ನನ್ನ ಹೆಸರಿನಲ್ಲೂ ಒಂದು ಅರ್ಜಿ ಕಳಿಸಿದೆ.

“ಏನ್ರೀ ಇದು?” ಎಂದಳು ವರಲಕ್ಷ್ಮಿ, ಹಾಲ್ ಟಿಕೆಟ್ಟಿನಲ್ಲಿದ್ದ ನನ್ನ ಫೋಟೋ ನೋಡಿ. ಅದು ಗೃಹಪ್ರವೇಶದ ದಿನ ತೆಗೆದದ್ದು. ಪೇಟ ಇತ್ತು.

“ಬೇಹುಗಾರಿಕೆ.”

“ಮಗಳಿಗೆ ಗೊತ್ತಾ?”

“ಬೇಹುಗಾರಿಕೆ ಅಂದ್ಮೇಲೆ ಹೇಳ್ಬಿಟ್ ಮಾಡ್ತಾರಾ?”

ಪರೀಕ್ಷೆ ಕಾಕ್ಸ್‌ಟೌನಿನ ಒಂದು ಹಳೆಯ ಶಾಲೆಯಲ್ಲಿ. ಸಹನಾಳನ್ನು ಸ್ಕೂಟರಿನಲ್ಲಿ ಗೇಟಿನವರೆಗೆ ಬಿಟ್ಟು, ಧೈರ್ಯ ಹೇಳಿ, ಅವಳು ಒಳಗೆ ಹೋದ ಮೇಲೆ ಸ್ಕೂಟರನ್ನು ಚರ್ಚಿನ ಪಕ್ಕ ನಿಲ್ಲಿಸಿ ಟೋಪಿ ಹಾಕಿಕೊಂಡು ಹಿಂದಿನಿಂದ ನಾನೂ ಒಳಗೆ ಹೋದೆ. ಬಾಗಿಲಲ್ಲಿ ಮೇಲ್ವಿಚಾರಕರು ತಡೆದರು.

“ಪೇರೆಂಟ್ಸ್ ಎಲ್ಲಾ ಹೊರಗಡೆ ಇರ್ಬೇಕು ಸರ್.”

“ನಾನು ಕ್ಯಾಂಡಿಡೇಟು.”

ಅವರು ಹಾಲ್ ಟಿಕೆಟ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಲ್ ಟಿಕೆಟ್ಟಿನ ಪೇಟ ನೋಡಿದರು. ಬಿಡದೆ ವಿಧಿಯಿರಲಿಲ್ಲ. ನಾನು ಕೋಣೆಯೊಳಗೆ ಕಾಲಿಟ್ಟ ತಕ್ಷಣ ಮಕ್ಕಳೆಲ್ಲ ದಡಬಡನೆ ಎದ್ದು ನಿಂತು “ಗುಡ್ ಮಾರ್ನಿಂಗ್ ಸರ್” ಎಂದರು. ನಾನೂ ಮೇಷ್ಟರ ಗತ್ತಿನಲ್ಲೇ ಕೂರಿ ಕೂರಿ ಎಂದು ಕೈಮಾಡಿದೆ.

ಎರಡು ಅರ್ಜಿಗಳನ್ನು ಒಂದರ ಹಿಂದೆ ಒಂದು ಕಳಿಸಿದರೆ ಎರಡು ಕುರ್ಚಿಗಳೂ ಒಂದರ ಹಿಂದೆ ಒಂದು ಬರುತ್ತವೆ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ನನ್ನ ಜಾಗ ಸಹನಾಳ ಬೆನ್ನ ಹಿಂದೆ! ಅವಳು ತಿರುಗಿ ನೋಡಿದಳು.

“ಅಪ್ಪಾ!”

ಇಡೀ ಕೋಣೆ ನನ್ನ ಕಡೆ ತಿರುಗಿತು. ನಾನು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡೆ. ಮೇಲ್ವಿಚಾರಕರು ಬಂದು ಟೋಪಿ ತೆಗೆಯಿರಿ ಎಂದರು.

ಪತ್ರಿಕೆಯ ಮೊದಲ ಭಾಗದಲ್ಲಿ ಸರಿಯುತ್ತರದ ಗೋಲಕ್ಕೆ ಮಸಿ ತುಂಬಬೇಕಿತ್ತು. ಅರ್ಧ ಪ್ರಶ್ನೆಗಳು ನನಗೆ ಅರ್ಥವಾಗಲಿಲ್ಲ. ಬಾಗಿಲ ಮುಂದೆ ವರಲಕ್ಷ್ಮಿ ಹಾಕುವ ಚುಕ್ಕಿ ರಂಗೋಲಿಯನ್ನು ನೆನೆಸಿಕೊಂಡು, ಅದೇ ವಿನ್ಯಾಸದಲ್ಲಿ ತುಂಬಿಕೊಂಡು ಹೋದೆ. ಎರಡನೆಯದು ಪ್ರಬಂಧ, ಕನ್ನಡದಲ್ಲೂ ಬರೆಯಬಹುದಿತ್ತು. ‘ನಿಮ್ಮ ಬಡಾವಣೆ ಹೇಗೆ ಬದಲಾಗಿದೆ?’ ಇದನ್ನು ನೋಡಿದ್ದೇ ತಡ, ನಾನು ಬೇಹುಗಾರಿಕೆಗೆ ಬಂದವನು ಎಂಬುದೇ ಮರೆತುಹೋಯಿತು. ಎಲ್ಲಿ ಕೆರೆ ಇತ್ತು, ಅದರ ಕೋಡಿ ಯಾವ ಕಡೆಗೆ ಹರಿಯುತ್ತಿತ್ತು, ನಮ್ಮ ಎಮ್ಮೆ ಬಿದ್ದಿದ್ದ ಹೊಂಡದ ಮೇಲೆ ಈಗ ಯಾವ ಪಿಜ್ಜಾ ಅಂಗಡಿ ನಿಂತಿದೆ ಎಲ್ಲ ಬರೆದೆ. ಹಾಳೆ ಮುಗಿದಾಗ ಕೈ ಎತ್ತಿ ಇನ್ನೊಂದು ಕೇಳಿದೆ. ಇಡೀ ಕೋಣೆಯಲ್ಲಿ ಹೆಚ್ಚುವರಿ ಹಾಳೆ ಕೇಳಿದವನು ನಾನೊಬ್ಬನೇ.

ಹೊರಗೆ ಬಂದಾಗ ಸಹನಾ ಗೇಟಿನ ಹತ್ತಿರ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

“ಹಿಂದಿಂದ ನಿನ್ ಉಸಿರಾಟ ಕೇಳ್ತಾನೇ ಇತ್ತಪ್ಪ. ಮೊದಲ್ನೇ ಭಾಗದಲ್ಲಿ ಏನ್ ಓದಿದ್ನೋ, ಏನ್ ಬರೆದ್ನೋ, ಒಂದೂ ಗೊತ್ತಿಲ್ಲ,” ಎಂದಳು.

ಅವಳ ಚಾನ್ಸು ಎಷ್ಟಿದೆ ಎಂದು ನೋಡಲು ಹೋಗಿ, ಇದ್ದ ಚಾನ್ಸನ್ನೂ ಕಡಿಮೆ ಮಾಡಿಬಂದಿದ್ದೆ. ಬೇಕರಿಯಲ್ಲಿ ಅವಳಿಗಿಷ್ಟವಾದ ಕೇಕು ಕೊಡಿಸಿದೆ. ಅರ್ಧ ತಿಂದು ತಟ್ಟೆ ಸರಿಸಿ ಸ್ಕೂಟರ್ ಹತ್ತಿದಳು.

ಫಲಿತಾಂಶಕ್ಕೆ ಇನ್ನೂ ದಿನಗಳಿದ್ದವು. ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಹನಾ ಓದಿದ ಪುಸ್ತಕಗಳನ್ನೇ ಕಪಾಟಿನಿಂದ ತೆಗೆದು ಒರೆಸಿ ಮತ್ತೆ ಇಡುತ್ತಿದ್ದಳು. ನಾನು ಟೆರೇಸು ಹತ್ತುವುದು, ಇಳಿಯುವುದು, ತುಂಬಿದ ಟ್ಯಾಂಕಿಗೆ ಮತ್ತೆ ಮೋಟಾರು ಹಾಕುವುದು. ನೀರು ತುಂಬಿ ಗೋಡೆಯ ಮೇಲೆ ಹರಿದು ಮೇಲಿನ ಬಾಡಿಗೆಯವರ ಬಟ್ಟೆ ನೆನೆದವು. “ದೇವಸ್ಥಾನಕ್ಕಾದ್ರೂ ಹೋಗ್ಬಿಟ್ ಬನ್ರೀ, ಮನೆ ಒಣಗ್ಲಿ,” ಎಂದಳು ವರಲಕ್ಷ್ಮಿ.

ಆಗ ಹೊಳೆಯಿತು. ಹೂ ಕೇಳಬೇಕು!

ನಮ್ಮ ಕಡೆ ಗಂಡು ಹೆಣ್ಣು ಗೊತ್ತುಮಾಡುವಾಗ, ಬೋರ್‌ವೆಲ್ ಕೊರೆಸುವಾಗ ಊರದೇವತೆ ಮಾರಮ್ಮನ ಹತ್ತಿರ ಹೂ ಕೇಳುವುದು ತಲೆತಲಾಂತರದ ಪದ್ಧತಿ. ಪೂಜಾರಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಪ್ರಶ್ನೆ ಹೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯ ಹೂ ಬಿದ್ದರೆ ಕೆಲಸ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಮಹದೇವಪುರದಲ್ಲಿ ಎರಡು ಗಾಜಿನ ಕಟ್ಟಡಗಳ ಮಧ್ಯೆ ನಮ್ಮ ಮಾರಮ್ಮ ಈಗಲೂ ಇದ್ದಾಳೆ. ಪೂಜಾರಿ ನನ್ನ ದೊಡ್ಡಪ್ಪನ ಮಗ ಚಿನ್ನಪ್ಪಣ್ಣ.

“ಏನ್ ಕೇಳ್ತೀಯೋ ನೆಟ್ಟಗ್ ಕೇಳೋ ಮುನಿರಾಜ. ಅಮ್ಮ ಕೇಳಿದ್ದಕ್ಕಷ್ಟೇ ಉತ್ತರ ಕೊಡೋದು,” ಎಂದ ಚಿನ್ನಪ್ಪಣ್ಣ.

ಹೊರಗೆ ನನ್ನ ಸ್ಕೂಟರು ಅಡ್ಡ ನಿಂತಿದೆ ಎಂದು ಕ್ಯಾಬ್ ಡ್ರೈವರೊಬ್ಬ ಹಾರನ್ನು ಒತ್ತಿ ಹಿಡಿದಿದ್ದ. ಆ ಗಡಿಬಿಡಿಯಲ್ಲಿ ನಾನು ಕಣ್ಣು ಮುಚ್ಚಿ ಬೇಡಿಕೊಂಡೆ: “ತಾಯಿ, ಆ ಯೂನಿವರ್ಸಿಟೀಲಿ ನಮ್ ಮನೆಗೆ ಒಂದು ಸೀಟು ಸಿಗೋದಾದ್ರೆ ಬಲಗಡೆ ಕೊಡಮ್ಮ.”

ಮಾತು ಮುಗಿಯುವಷ್ಟರಲ್ಲಿ ಬಲಗಡೆಯ ಸೇವಂತಿಗೆ ಪಟ್ಟನೆ ಬಿತ್ತು. ಚಿನ್ನಪ್ಪಣ್ಣನೇ ಬೆರಗಾದ. “ಇಷ್ಟ್ ಬೇಗ ಮದುವೆಗೂ ಕೊಟ್ಟಿಲ್ಲ ಕಣೋ!”

ಬರುವ ದಾರಿಯಲ್ಲೇ ಮೈಸೂರುಪಾಕು ಕೊಂಡೆ. ಇಡೀ ರಸ್ತೆಗೆ ಹಂಚಿದೆ. ಮನೆ ಮುಂದೆ ಇಡ್ಲಿ ಅಂಗಡಿ ಇಟ್ಟಿರುವ ಸೆಲ್ವಿ ಅಕ್ಕನಿಗೆ ಮೊದಲು ಕೊಟ್ಟೆ. ಅವಳಿಗೆ ಹೇಳಿದರೆ ಬೇರೆ ಯಾರಿಗೂ ಹೇಳಬೇಕಾಗಿಲ್ಲ.

“ರಿಸಲ್ಟ್ ವಂದುಡ್ಚಾ, ಬಂತಾ ಮುನಿರಾಜಣ್ಣ? ಪಾಪಾಗೆ ಸೀಟ್ ಆಯ್ತಾ?” ಎಂದಳು.

“ಆದಂಗೇನೇ ಅಕ್ಕ. ಅಮ್ಮ ಕೊಟ್ಬಿಟ್ಟಿದ್ದಾಳೆ.”

ಸಹನಾಳಿಗೆ ಈ ಸುದ್ದಿ ತಲುಪಿದ್ದು ಹಾಲಿನ ಬೂತಿನಲ್ಲಿ. ಅಲ್ಲಿ ಎಲ್ಲರೂ ಅವಳಿಗೆ ಕಂಗ್ರಾಟ್ಸ್ ಹೇಳಿದರಂತೆ. ಮನೆಗೆ ಬಂದವಳು ಹಾಲಿನ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು, “ಸಿಗ್ಲಿಲ್ಲ ಅಂದ್ರೆ ನಾನು ಈ ರೋಡಲ್ಲಿ ಹೆಂಗಪ್ಪ ಓಡಾಡ್ಲಿ?” ಎಂದು ಕೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೊನೆಗೆ ವೆಬ್‌ಸೈಟಿನಲ್ಲಿ ಪಟ್ಟಿ ಬಂತು. ಸಹನಾ ಸಂದರ್ಶನಕ್ಕೆ ಆಯ್ಕೆಯಾಗಿದ್ದಳು. ನಾನೂ ಆಗಿದ್ದೆ! ವರಲಕ್ಷ್ಮಿಯ ರಂಗೋಲಿಗೆ ಇಷ್ಟು ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅದೃಷ್ಟಕ್ಕೆ ನನ್ನ ಸಂದರ್ಶನ ಅವಳದಕ್ಕಿಂತ ಒಂದು ದಿನ ಮೊದಲು.

“ನೋಡು, ನಾನು ಮೊದ್ಲು ಹೋಗಿ ಏನೇನ್ ಕೇಳ್ತಾರೆ ಅಂತ ಎಲ್ಲಾ ತಿಳ್ಕೊಂಡ್ ಬರ್ತೀನಿ,” ಎಂದೆ. ಸಹನಾ ಸ್ವಲ್ಪ ಯೋಚಿಸಿದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಸಣ್ಣ ಆಸೆ ಕಂಡಿತು. “ಪ್ರಶ್ನೆ ಮಾತ್ರ ನೆನಪಿಟ್ಕೊಂಡ್ ಬಾ ಅಪ್ಪ, ಸಾಕು,” ಎಂದಳು.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಬಿಳಿ ಕೂದಲಿನ ಒಬ್ಬ ಮೇಡಂ. ಒಳ್ಳೆಯ ಕನ್ನಡದಲ್ಲಿ, “ಮಳೆ ಬಂದ್ರೆ ಮಹದೇವಪುರ ಯಾಕೆ ಮುಳುಗುತ್ತೆ?” ಎಂದು ಕೇಳಿದರು. ನಾನು ಶುರುಮಾಡಿದೆ. ನಡುವೆ ಒಮ್ಮೆ ಎದ್ದು ಹೋಗಿ ಬೋರ್ಡಿನ ಮೇಲೆ ರಾಜಕಾಲುವೆ ಬರೆದೆ. ಎಮ್ಮೆಯನ್ನೂ ಬರೆದೆ. ಯಾರೋ ಬಾಗಿಲು ತಟ್ಟಿ ಮುಂದಿನ ಅಭ್ಯರ್ಥಿ ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ ಎಂದಾಗಲೇ ನಾನು ನಿಲ್ಲಿಸಿದ್ದು.

ಮನೆಗೆ ಬಂದಾಗ ಸಹನಾ ಪೆನ್ನು ಹಿಡಿದು ಕಾಯುತ್ತಿದ್ದಳು.

“ಏನ್ ಕೇಳಿದ್ರು?”

“ನಾನು ಏನ್ ಹೇಳ್ದೆ ಗೊತ್ತಾ...”

“ನೀನ್ ಹೇಳಿದ್ದಲ್ಲ ಅಪ್ಪ. ಅವ್ರು ಕೇಳಿದ್ದು.”

ತಲೆ ಕೆರೆದುಕೊಂಡೆ. “ಒಂದ್ ಕೇಳಿದ್ರು. ಆಮೇಲೆ ಕೇಳಕ್ಕೆ ನಾನ್ ಬಿಡ್ಲಿಲ್ಲ ಕಣೆ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಮರುದಿನ ಅವಳು ಸಂದರ್ಶನ ಮುಗಿಸಿ ಬಂದ ರೀತಿ ನೋಡಿ ನಾನು ಮಾತಾಡಿಸುವ ಧೈರ್ಯ ಮಾಡಲಿಲ್ಲ. ಅಮ್ಮನ ಹತ್ತಿರ ಹೇಳುತ್ತಿದ್ದದ್ದು ಬಾಗಿಲ ಸಂದಿಯಿಂದ ಕೇಳಿಸಿತು. ಆ ಮೇಡಂ ನಗುತ್ತಾ, “ನಿನ್ನೆ ನಿಮ್ಮ ಕಡೆಯವರೇ ಒಬ್ರು ಬಂದಿದ್ರು, ಎಮ್ಮೆ ಎಲ್ಲಾ ಬರೆದು ತೋರಿಸಿದ್ರು. ನಿಮಗೆ ಗೊತ್ತಾ?” ಎಂದು ಕೇಳಿದರಂತೆ. ನಾಚಿಕೆ ತಡೆಯಲಾರದೆ ಇವಳು, “ಇಲ್ಲ ಮೇಡಂ, ಯಾರೋ ಗೊತ್ತಿಲ್ಲ,” ಎಂದುಬಿಟ್ಟಳು. ಅವರ ಮುಂದಿದ್ದ ಅವಳ ಅರ್ಜಿಯಲ್ಲೇ ತಂದೆಯ ಹೆಸರು ಅಂತ ನನ್ನ ಹೆಸರು ಇತ್ತು!

“ಸುಳ್ಳು ಹೇಳೋ ಹುಡುಗೀಗೆ ಯಾರಮ್ಮ ಸೀಟ್ ಕೊಡ್ತಾರೆ?” ಎಂದು ಅತ್ತಳು. ನನಗೂ ಅಳು ಬಂತು. ಟ್ಯಾಂಕು ನೋಡುವ ನೆಪದಲ್ಲಿ ಟೆರೇಸಿಗೆ ಹೋದೆ.

ಇಂಥ ಮನಃಸ್ಥಿತಿಯಲ್ಲಿ, ಶಿವಾಜಿನಗರದಲ್ಲಿ ಸ್ಕೂಟರ್ ರಿಪೇರಿ ಮಾಡಿಸಿಕೊಂಡು ಹಲಸೂರು ಕೆರೆಯ ಪಕ್ಕ ಬರುತ್ತಿದ್ದಾಗ ಆ ಹಾಳು ಫೋನು ಮತ್ತೆ ಹೊಡೆದುಕೊಂಡಿತು. “ಸಹನಾ ಅವರಾ? ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತೀರಾ?” ಬೆಳಗ್ಗೆಯಿಂದ ಎಷ್ಟನೆಯದೋ. ನನ್ನ ತಾಳ್ಮೆ ಕಿತ್ತುಹೋಯಿತು. ಸ್ಕೂಟರ್ ನಿಲ್ಲಿಸಿ, ಸಿಮ್ ತೆಗೆದು ಬೇಲಿಯ ಮೇಲಿಂದ ಕೆರೆಗೆ ಎಸೆದೆ. ಎಷ್ಟು ಹಗುರವೆನಿಸಿತು! ವರಲಕ್ಷ್ಮಿಗೆ ಹೇಳಿದಾಗ, “ಎಲ್ರೂ ಆ ಕೆರೆಗೆ ಗಣೇಶನ್ ಬಿಡ್ತಾರೆ. ನೀವು ಸಿಮ್ ಬಿಟ್ ಬಂದ್ರಾ?” ಎಂದಳು.

ಅಂತಿಮ ಪಟ್ಟಿ ಬಂದದ್ದು ಮಳೆ ಹಿಡಿದ ಒಂದು ಸಂಜೆ. ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಸಹನಾ ಬೆರಳಿನಿಂದ ಸಾಲುಸಾಲಾಗಿ ಕೆಳಗೆ ಬಂದಳು. ಆಯ್ಕೆಯಾದವರ ಪಟ್ಟಿಯ ಕೊನೆಯ ಹೆಸರು: ಮುನಿರಾಜು. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ವೇಟಿಂಗ್ ಲಿಸ್ಟು. ಅದರ ಮೊದಲ ಹೆಸರು: ಸಹನಾ.

ಸಹನಾ ಪುಟವನ್ನು ಮತ್ತೊಮ್ಮೆ ತೆರೆದು ನೋಡಿದಳು. ಅದೇ ಪಟ್ಟಿ, ಅದೇ ಗೆರೆ.

“ನನ್ ಸೀಟಲ್ಲಿ ನಮ್ಮಪ್ಪ ಕೂತಿದ್ದಾನೆ,” ಎಂದಳು ಸಹನಾ, ಬಹಳ ಮೆಲ್ಲಗೆ.

“ಅದಕ್ಕೇನಂತೆ! ನಾನ್ ಬಿಟ್ರೆ ನಿಂಗ್ ಬರುತ್ತೆ. ನಾಳೆ ಬೆಳಗ್ಗೆ ಬಿಟ್ಬಿಡ್ತೀನಿ,” ಎಂದೆ. ಇಷ್ಟು ಸುಲಭದ ಪರಿಹಾರಕ್ಕೆ ಇವರು ಯಾಕೆ ಹೀಗೆ ಮುಖ ಮಾಡಿಕೊಂಡಿದ್ದಾರೆ ಎನಿಸಿತು.

ಬೆಳಗ್ಗೆ ವೆಬ್‌ಸೈಟಿನಲ್ಲಿ ‘ಸೀಟು ಹಿಂದಿರುಗಿಸು’ ಎಂಬ ಗುಂಡಿ ಒತ್ತಿದೆ. ‘ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ’ ಎಂದು ಬಂತು. ಇಮೇಲ್ ತೆರೆಯಹೋದೆ. ಅದೂ ಅದೇ ನಂಬರಿಗೆ ಓಟಿಪಿ ಕಳಿಸಿತು.

“ಕೆರೆಗೆ ಹೋಗಿ ಕೇಳ್ಕೊಂಡ್ ಬನ್ನಿ,” ಎಂದಳು ವರಲಕ್ಷ್ಮಿ.

ಸೀಟು ಹಿಂದಿರುಗಿಸಲು ಅಂದು ಸಂಜೆಯೇ ಕೊನೆ. ನೇರ ಹೋಗದೆ ಬೇರೆ ದಾರಿಯಿರಲಿಲ್ಲ. ಸ್ಕೂಟರ್ ತೆಗೆದೆ. ಸಹನಾ ರೈನ್‌ಕೋಟ್ ಹಾಕಿಕೊಂಡು ಬಂದು ಹಿಂದೆ ಕೂತಳು. “ನೀನೊಬ್ನೇ ಹೋದ್ರೆ ಅಡ್ಮಿಷನ್ ಮಾಡ್ಸ್ಕೊಂಡೇ ಬರ್ತೀಯ. ನಾನೂ ಬರ್ತೀನಿ,” ಎಂದಳು.

ಗಲ್ಲಿಯ ತುದಿಯಲ್ಲಿ ಸೆಲ್ವಿ ಅಕ್ಕ ಇಡ್ಲಿ ತಟ್ಟೆ ಹಿಡಿದೇ ಕೂಗಿದಳು. “ಸೀಟ್ ಆಯ್ತಾ ಅಣ್ಣ?”

“ಆಯ್ತಕ್ಕ!”

“ಪಾಪಾಗೇ ತಾನೆ?”

ಕೇಳಿಸಲಿಲ್ಲವೆಂಬಂತೆ ಆಕ್ಸಿಲರೇಟರ್ ತಿರುಗಿಸಿದೆ.

ಮಹದೇವಪುರ ಮುಳುಗಿತ್ತು. ಯಾಕೆ ಮುಳುಗುತ್ತದೆ ಎಂದು ಮೂವರು ಪ್ರೊಫೆಸರುಗಳಿಗೆ ವಿವರಿಸಿ ಬಂದಿದ್ದ ನಾನು, ಯಾವ ದಿನ ಮುಳುಗುತ್ತದೆ ಎಂಬ ಅಂದಾಜು ಮಾತ್ರ ಮಾಡಿರಲಿಲ್ಲ! ಸ್ಕೂಟರು ಎರಡು ಸಲ ಕೆಮ್ಮಿ ನಿಂತಿತು. ಮೊಣಕಾಲುದ್ದ ನೀರಿನಲ್ಲಿ ಅದನ್ನು ತಳ್ಳಿಕೊಂಡು ಮಾರಮ್ಮನ ಗುಡಿಯವರೆಗೆ ಬಂದರೆ, ಎದುರಿಗೆ ಚಿನ್ನಪ್ಪಣ್ಣ ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ಹೊಲ ಹೋದರೂ ಅವನು ಟ್ರ್ಯಾಕ್ಟರ್ ಮಾರಿರಲಿಲ್ಲ. ಪ್ರತಿ ಮಳೆಗೂ ಕಂಪನಿಯವರನ್ನು ಅದರಲ್ಲಿ ನೀರು ದಾಟಿಸುತ್ತಾನೆ. ಟ್ರೈಲರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗುಗಳನ್ನು ತಲೆಯ ಮೇಲೆ ಹೊತ್ತ ಹುಡುಗ ಹುಡುಗಿಯರು ನಿಂತಿದ್ದರು. ನಾವೂ ಹತ್ತಿದೆವು.

ಸಂಗತಿ ಕೇಳಿ ಚಿನ್ನಪ್ಪಣ್ಣ ಟ್ರ್ಯಾಕ್ಟರಿನ ಸದ್ದಿನ ಮೇಲೆ ಕಿರುಚಿದ. “ಲೋ, ಅವತ್ತೇ ಹೇಳ್ಲಿಲ್ವಾ ನೆಟ್ಟಗ್ ಕೇಳು ಅಂತ! ಮನೆಗೆ ಒಂದು ಸೀಟು ಅಂದೆ. ಮನೆಗೆ ಕೊಟ್ಟವ್ಳೆ. ಮಗಳ ಹೆಸರು ಹೇಳಕ್ಕೆ ನಿಂಗೇನ್ ಆಗಿತ್ತೋ?”

ಟ್ರೈಲರಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಸಹನಾ ಬೇರೆ ಕಡೆ ನೋಡಿದಳು. ಅವಳ ಬೆರಳುಗಳು ಟ್ರೈಲರಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು. ನಾನು ಮೊದಲ ಸಲ ಯಾವ ಅಂದಾಜೂ ಮಾಡದೆ ಸುಮ್ಮನೆ ಬೇಡಿಕೊಂಡೆ.

ವಿಶ್ವವಿದ್ಯಾಲಯ ತಲುಪಿದಾಗ ನಾವಿಬ್ಬರೂ ಸೊಂಟದವರೆಗೆ ಕೆಸರು. ಆಫೀಸಿನಲ್ಲಿ ಕೂತಿದ್ದ ಹುಡುಗಿ ನನ್ನ ಹೆಸರು ಕೇಳಿ ಎದ್ದು ನಿಂತು, “ವೆಲ್‌ಕಮ್ ಸರ್!” ಎಂದು ಒಂದು ಸಸಿ ಕೊಟ್ಟಳು. ಹೊಸ ವಿದ್ಯಾರ್ಥಿಗಳಿಗೆಲ್ಲ ಕೊಡುತ್ತಾರಂತೆ. ಅಷ್ಟರಲ್ಲಿ ಆ ಬಿಳಿ ಕೂದಲಿನ ಮೇಡಂ ಬಂದರು.

“ಮುನಿರಾಜು ಅವರೇ, ಈ ಮಳೇಲೂ ಬಂದ್ರಾ! ನಿಮ್ಮ ಪ್ರಬಂಧ ನಾವೆಲ್ಲ ಎರಡೆರಡು ಸಲ ಓದಿದ್ವಿ.”

ನಿಜ ಹೇಳುತ್ತೇನೆ, ಆ ಒಂದು ಗಳಿಗೆ ನನಗೆ ಆಸೆಯಾಯಿತು. ಬಾಡಿಗೆ ವಸೂಲಿ ಮಾಡಿ, ಟ್ಯಾಂಕು ತುಂಬಿಸಿ ಕಳೆದ ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಒಂದು ಚೀಲ ನೇತುಹಾಕಿಕೊಂಡು, ಈ ಮರಗಳ ಕೆಳಗೆ ನಡೆದು, ಕ್ಲಾಸಿಗೆ ಹೋಗಬಹುದಿತ್ತು. ಸಸಿ ಹಿಡಿದುಕೊಂಡು ನಿಂತೆ. ಆಮೇಲೆ ಬಾಗಿಲ ಹತ್ತಿರ ನೋಡಿದೆ. ಸಹನಾ ಒಳಗೆ ಬರದೆ, ಕೆಸರು ತುಳಿದ ಚಪ್ಪಲಿಯನ್ನು ಹೊರಗೆ ಬಿಟ್ಟು, ಬರಿಗಾಲಿನಲ್ಲಿ ಹೊಸ್ತಿಲಾಚೆ ನಿಂತಿದ್ದಳು.

“ಮೇಡಂ, ಸೀಟು ಬಿಡಕ್ಕೆ ಬಂದಿದ್ದೀನಿ,” ಎಂದೆ. “ನಾನು ಓದಕ್ಕೆ ಅಂತ ಬರೆದಿದ್ದಲ್ಲ, ಚಾನ್ಸ್ ನೋಡಕ್ಕೆ ಬರೆದಿದ್ದು. ಅವಳು ನನ್ನ ಮಗಳು. ನಾನ್ ಯಾರೋ ಗೊತ್ತಿಲ್ಲ ಅಂದಿದ್ದು ಅವಳ ತಪ್ಪಲ್ಲ. ನನ್ನಂಥ ಅಪ್ಪ ಇದ್ರೆ ಯಾರಾದ್ರೂ ಹಂಗೇ ಅಂತಾರೆ.”

ಮೇಡಂ ನಕ್ಕರು. “ಅದು ನಮಗೆ ಅವತ್ತೇ ಗೊತ್ತಾಯ್ತು. ಇಬ್ರೂ ಕೈ ಆಡಿಸ್ಕೊಂಡು ಒಂದೇ ಥರ ಮಾತಾಡ್ತೀರ.”

ಆಫೀಸಿನ ಹುಡುಗಿ ಕಾಗದ ತಂದಳು. ಸಹಿ ಹಾಕಿದೆ. ಅವಳು ಕಂಪ್ಯೂಟರಿನಲ್ಲಿ ಟಕಟಕ ಒತ್ತಿದಳು. ನಾನು ದೊಡ್ಡ ತ್ಯಾಗ ಮಾಡಿದವನ ಗಾಂಭೀರ್ಯದಿಂದ, “ಇನ್ನು ಆ ಸೀಟು ವೇಟಿಂಗ್ ಲಿಸ್ಟಲ್ಲಿರೋ ಸಹನಾಗೆ ಕೊಡಿ ಅಮ್ಮ,” ಎಂದೆ.

ಹುಡುಗಿ ತಲೆಯೆತ್ತಿದಳು. “ಸಹನಾ? ಅವ್ರಿಗೆ ಬೆಳಗ್ಗೇನೇ ಸೀಟ್ ಆಗಿದೆಯಲ್ಲ ಸರ್! ಇನ್ಯಾರೋ ಒಬ್ರು ಬಿಟ್ರು, ಇವ್ರಿಗೆ ಬಂತು. ಬೆಳಗ್ಗೆಯಿಂದ ಕಾಲ್ ಮಾಡ್ತಾನೇ ಇದ್ದೀನಿ, ಫೋನ್ ಸ್ವಿಚ್ಡ್ ಆಫ್. ಇಮೇಲ್ ಹಾಕಿದ್ದೀನಿ, ಉತ್ತರ ಇಲ್ಲ. ಸಂಜೆ ಒಳಗೆ ಒಪ್ಪಿಗೆ ಕೊಡ್ಲಿಲ್ಲ ಅಂದ್ರೆ ಮುಂದಿನವ್ರಿಗೆ ಹೋಗ್ತಿತ್ತು. ಆ ನಂಬರ್ ಯಾರದು?”

ಹಲಸೂರು ಕೆರೆಯ ತಳದಲ್ಲಿ ಮಲಗಿದ್ದ ಸಿಮ್ ನನ್ನ ಕಣ್ಣಮುಂದೆ ಬಂತು. ನನ್ನ ಮಗಳ ಭವಿಷ್ಯ ಬೆಳಗ್ಗೆಯಿಂದ ಮೀನುಗಳಿಗೆ ಫೋನು ಮಾಡುತ್ತಿತ್ತು! ಬೇರೆ ಕಾರಣಕ್ಕಾದರೂ ನಾವು ಇಲ್ಲಿಗೆ ಬರದೇ ಇದ್ದಿದ್ದರೆ? ಸಹನಾ ಬರಿಗಾಲಿನಲ್ಲೇ ಒಳಗೆ ಓಡಿಬಂದು ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಅವಳು ಪೆನ್ನು ಕೆಳಗಿಟ್ಟ ಮೇಲೆ ನನ್ನ ತಲೆ ಮತ್ತೆ ಕೆಲಸ ಮಾಡತೊಡಗಿತು.

“ಅಂದ್ರೆ... ನಾನು ಬಿಡದೇ ಇದ್ರೂ ಅವಳಿಗೆ ಸಿಕ್ತಿತ್ತಾ?”

“ಹೌದು ಸರ್.”

“ಹಂಗಾದ್ರೆ ಆ ಕಾಗದ ವಾಪಸ್ ಕೊಡಮ್ಮ.”

“ಆಗಲೇ ಮುಂದಿನವ್ರಿಗೆ ಹೋಯ್ತು ಸರ್. ಅವ್ರು ಒಪ್ಪಿಗೆ ಕೊಟ್ಟೂ ಆಯ್ತು,” ಎಂದಳು ಹುಡುಗಿ. ಅವರ ಫೋನು ಕೆರೆಯಲ್ಲಿರಲಿಲ್ಲ.

ಸಹನಾ ನನ್ನನ್ನು ನೋಡಿದಳು. ತಿಂಗಳುಗಟ್ಟಲೆ ತಡೆದಿಟ್ಟ ನಗು ಮತ್ತು ಅಳು ಎರಡೂ ಒಟ್ಟಿಗೆ ಬಂದವು ಅವಳಿಗೆ. “ಇನ್ನು ಎರಡು ವರ್ಷ ಪೂರ್ತಿ ಹಿಂದಿನ ಬೆಂಚಿಂದ ನಿನ್ ಉಸಿರಾಟ ಕೇಳ್ಬೇಕಿತ್ತಲ್ಲಪ್ಪ. ಮಾರಮ್ಮ ಕಾಪಾಡಿದ್ಲು. ಒಂದು ಅಂದ್ರೆ ಒಂದೇ ಕೊಟ್ಲು!” ಎಂದು ನನ್ನ ಕೆಸರು ಷರ್ಟಿಗೆ ಒರಗಿದಳು. ಸಸಿಯನ್ನು ಆಫೀಸಿನ ಹುಡುಗಿ ನನ್ನ ಕೈಯಿಂದ ತೆಗೆದು ಅವಳ ಕೈಗೆ ಕೊಟ್ಟಳು.

ಈಗ ಕ್ಲಾಸುಗಳು ಶುರುವಾಗಿವೆ. ದಿನಾ ಬೆಳಗ್ಗೆ ಟ್ಯಾಂಕು ತುಂಬಿಸಿ ಅವಳನ್ನು ಸ್ಕೂಟರಿನಲ್ಲಿ ಬಿಟ್ಟುಬರುತ್ತೇನೆ. ಮೊದಲ ದಿನ ಗೇಟಿನ ಒಳಗೂ ಸ್ವಲ್ಪ ದೂರ ಹೋಗಿ ಆ ಮರಗಳನ್ನು ನೋಡಿಬರೋಣ ಎಂದುಕೊಂಡೆ. ವಾಚ್‌ಮನ್ ಕೈ ಅಡ್ಡ ಹಿಡಿದ.

“ಪೇರೆಂಟ್ಸ್ ಇಲ್ಲೀವರ್ಗೂ ಮಾತ್ರ ಸರ್.”

“ನಂಗೂ ಇಲ್ಲಿ ಸೀಟ್ ಸಿಕ್ಕಿತ್ತು ಕಣಪ್ಪ,” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕನಿಕರದಿಂದಲೇ ಹೇಳಿದ: “ಆಯ್ತು ಸರ್. ಗಾಡಿ ಸ್ವಲ್ಪ ಮುಂದಕ್ಕೆ ತಗೊಳ್ಳಿ, ಹಿಂದೆ ಸ್ಟೂಡೆಂಟ್ಸ್ ಬರ್ತಿದ್ದಾರೆ.”